ಗೋಡೆಯಲ್ಲೊಂದು ಗೂಟ

ಕಳೆದ ಚಳಿಗಾಲದಲ್ಲಿ ತೊಗರಿ ರಾಶಿಯ ದಿನಗಳು ಬಂದಾಗ ನಮ್ಮ ಮಕ್ಕಳು ಒಂದು ಬೇಡಿಕೆ ಮುಂದಿಟ್ಟರು. ಒಂದು ರಾತ್ರಿ ಹೊಲದಲ್ಲಿಯೇ ಮಲಗಬೇಕು, ಅದೂ ಡೇರೆ ಹಾಕಿಕೊಂಡು. ಚಿತ್ತಾಪುರದ ಸುತ್ತಲಿನ ನಮ್ಮಂತಹ ಕುಟುಂಬಗಳಿಗೆ ಹೊಲದಲ್ಲಿ ಮಲಗುವುದು ಹೊಸತಲ್ಲ. ತೊಗರಿ ಕಟಾವಾಗಿ ಕಣಕ್ಕೆ ಬಂದ ಮೇಲೆ ರಾಶಿ ಮುಗಿಯುವವರೆಗೆ ಮನೆಯ ಯಾರಾದರೊಬ್ಬರು ಕಣ ಕಾಯಲೇಬೇಕು. ಆದರೆ ಮಕ್ಕಳ ಕಣ್ಣ ಮುಂದಿದ್ದುದು ಕಣದ ಕಾವಲಲ್ಲ, ಮೊಬೈಲಿನಲ್ಲಿ ಕಂಡ ಬಣ್ಣಬಣ್ಣದ ಡೇರೆ. ಅವರ ಆಸೆಗೆ ಮಣಿದು ಕಲಬುರಗಿಯಿಂದ ಅಂತಹದೇ ಒಂದು ಸಿದ್ಧ ಡೇರೆಯನ್ನು ತಂದೆವು.

ಅದು ನಿಲ್ಲಲಿಲ್ಲ. ತಪ್ಪು ಡೇರೆಯದಲ್ಲ, ನಮ್ಮ ನೆಲದ ಗುಣವನ್ನು ಮರೆತ ನಮ್ಮದು. ನಮ್ಮ ಕಪ್ಪು ಮಣ್ಣು ಮಳೆಗಾಲದಲ್ಲಿ ಉಬ್ಬಿ ಅಂಟಾಗುತ್ತದೆ, ಚಳಿಗಾಲದಲ್ಲಿ ಒಣಗಿ ಬಿರುಕು ಬಿಡುತ್ತದೆ. ಹಲವು ಕಡೆ ಅದರ ಕೆಳಗೆ ಮೊಣಕೈಯಷ್ಟು ಆಳದಲ್ಲಿಯೇ ಕಲ್ಲು ಸಿಗುತ್ತದೆ. ಶಹಾಬಾದ್ ಕಲ್ಲು ಎಂಬ ಹೆಸರಿನಲ್ಲಿ ದೇಶದ ಎಷ್ಟೋ ಮನೆಗಳ ನೆಲವಾಗಿರುವ ಸುಣ್ಣದ ಕಲ್ಲು ಅದೇ. ಡೇರೆಯ ಜೊತೆಗೆ ಬಂದಿದ್ದ ತೆಳುವಾದ ಗೂಟಗಳು ಕೆಲವು ಕಡೆ ಕಲ್ಲಿಗೆ ತಾಗಿ ಬಾಗಿದವು, ಕೆಲವು ಕಡೆ ಬಿರುಕಿನೊಳಗೆ ಹಿಡಿತವಿಲ್ಲದೆ ಅಲುಗಾಡಿದವು. ಅಸರ್ ನಮಾಝಿನ ನಂತರ ಮೂಡಣ ಗಾಳಿ ಬೀಸತೊಡಗಿದಾಗ ಡೇರೆ ಒಂದು ಮಗ್ಗುಲಿಗೆ ಕವುಚಿ ಬಿದ್ದಿತು. ಮಕ್ಕಳ ಮುಖ ಸಪ್ಪಗಾಯಿತು. ಆಗ ನಮಗೆ ಮನೆಯ ಅಟ್ಟದ ಮೇಲಿದ್ದ ಅಬ್ಬಾನ ತಾಡಪತ್ರಿ ನೆನಪಾಯಿತು.

ಆರು ಮೀಟರ್ ಅಗಲ, ಎಂಟು ಮೀಟರ್ ಉದ್ದದ ನೀಲಿ ತಾಡಪತ್ರಿ ಅದು. ರಾಶಿಯ ಕಾಲದಲ್ಲಿ ಕಾಳಿನ ಮೇಲೆ ಹೊದಿಸಲೆಂದು ಅಬ್ಬಾ ರೈತ ಸಂಪರ್ಕ ಕೇಂದ್ರದಿಂದ ತಂದುಕೊಂಡಿದ್ದರು. ಈಗ ಅದಕ್ಕೆ ನಾಲ್ಕು ತೇಪೆಗಳಿವೆ. ಅಬ್ಬಾ ತಮ್ಮ ಯೌವನವನ್ನು ಫರ್ಸಿ ಖಣಿಗಳಲ್ಲಿ ಕಳೆದವರು. ಖಣಿಯಲ್ಲಿ ಮರವಿರುವುದಿಲ್ಲ, ನೆರಳಿರುವುದಿಲ್ಲ. ವೈಶಾಖದ ಬಿಸಿಲಿನಲ್ಲಿ ಕಲ್ಲು ಸೀಳುವವರು ಹರಕು ತಾಡಪತ್ರಿಯನ್ನೋ ಗೋಣಿಯನ್ನೋ ಕಟ್ಟಿಕೊಂಡೇ ಬದುಕಬೇಕು. ಕಟ್ಟುವ ವಿದ್ಯೆಯನ್ನು ಅವರು ಅಲ್ಲಿ ಕಲಿತರು, ನಾವು ಅವರಿಂದ ಕಲಿತೆವು. ಅಬ್ಬಾ 2021ರಲ್ಲಿ ಅಲ್ಲಾಹನೆಡೆಗೆ ಮರಳಿದರು. ಅಂದು ಸಂಜೆ ತಾಡಪತ್ರಿಯನ್ನು ಬಿಚ್ಚಿದಾಗ ಅವರ ಮಾತುಗಳು ಒಂದೊಂದಾಗಿ ನೆನಪಿಗೆ ಬಂದವು.

ಅವರು ಮೊದಲು ನೆಲವನ್ನು ನೋಡುತ್ತಿದ್ದರು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದೆ ಹಾಸಿಗೆ ಬಿಚ್ಚಬಾರದು. ತಗ್ಗು ಮತ್ತು ಹಳ್ಳದ ದಂಡೆ ಬೇಡ, ಒಣಕೊಂಬೆಯ ಮರದಡಿಯೂ ಬೇಡ. ಆಮೇಲೆ ಗಾಳಿ. ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ. ಆದ್ದರಿಂದ ಮೂಡಣದ ಅಂಚನ್ನು ನೆಲಕ್ಕೆ ತಾಗಿಸಿ, ಪಡುವಣದ ಅಂಚನ್ನು ಎತ್ತರಿಸಿ ಬಾಗಿಲಾಗಿಸಬೇಕು. ಹಾಗೆ ಮಾಡಿದರೆ ನಮಾಝಿಗೆ ನಿಂತಾಗ ಬಾಗಿಲು ಕಿಬ್ಲಾದ ಕಡೆಗೇ ತೆರೆದಿರುತ್ತದೆ ಎಂದು ಅಬ್ಬಾ ಸಂತೋಷಪಡುತ್ತಿದ್ದರು.

ಬೇವಿನ ಮರದ ಬುಡದಿಂದ ಎತ್ತಿನ ಬಂಡಿಯ ನೊಗದವರೆಗೆ ನಡುಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟಿ, ತಾಡಪತ್ರಿಯನ್ನು ಅದರ ಮೇಲೆ ಹೊದಿಸಿದೆವು. ಮೂಲೆಯ ತೂತುಗಳಿಗೆ ನೇರವಾಗಿ ಹಗ್ಗ ಕಟ್ಟಿದರೆ ಗಾಳಿಯ ಒಂದು ಜಗ್ಗಿಗೆ ಅವು ಹರಿಯುತ್ತವೆ. ಅದಕ್ಕೆ ಅಬ್ಬಾನ ಉಪಾಯವೆಂದರೆ ನಿಂಬೆಹಣ್ಣಿನಷ್ಟು ದೊಡ್ಡ ನುಣುಪು ಕಲ್ಲನ್ನು ಮೂಲೆಯಲ್ಲಿಟ್ಟು, ತಾಡಪತ್ರಿಯನ್ನು ಅದರ ಸುತ್ತ ಮಡಚಿ, ಕಲ್ಲಿನ ಹಿಂದೆ ಹಗ್ಗ ಬಿಗಿಯುವುದು. ಹಾಗೆ ಕಟ್ಟಿದ ಮೂಲೆ ಜಾರುವುದಿಲ್ಲ, ಹರಿಯುವುದೂ ಇಲ್ಲ. ಗೂಟಗಳ ಬದಲು ಬದುವಿನಲ್ಲಿ ಬಿದ್ದಿದ್ದ ಫರ್ಸಿ ಕಲ್ಲುಗಳಿಗೆ ಹಗ್ಗ ಸುತ್ತಿ, ಅವುಗಳ ಮೇಲೆ ಇನ್ನೊಂದೊಂದು ಕಲ್ಲನ್ನು ಹೇರಿದೆವು. ಒಂದು ಮೂಲೆಯನ್ನು ಬೇಕೆಂದೇ ತಗ್ಗಿಸಿ ಕಟ್ಟಿದೆವು. ಇಳಿಜಾರಿಲ್ಲದ ತಾಡಪತ್ರಿಯಲ್ಲಿ ಮಳೆನೀರು ನಿಂತು ಹೊಟ್ಟೆ ಕಟ್ಟುತ್ತದೆ, ಆ ಭಾರಕ್ಕೆ ಹಗ್ಗವೋ ತಾಡಪತ್ರಿಯೋ ಹರಿಯುತ್ತದೆ. ಮೇಲಿನ ಕಡೆಗೆ ಗೇಣಗಲದ ಕಾಲುವೆ ತೋಡಿದೆವು. ಕೆಳಗೆ ಹಾಸಿದ ಹಾಳೆಯ ಅಂಚು ಹೊರಗೆ ಚಾಚದಂತೆ ಒಳಗೆ ಮಡಚಿದೆವು. ಚಾಚಿದರೆ ಮಳೆಯ ನೀರು ಅದರ ಮೇಲೆ ಬಿದ್ದು ಹಾಸಿಗೆಯಡಿಗೇ ಹರಿದು ಬರುತ್ತದೆ.

ಒಲೆಯನ್ನು ಮಾತ್ರ ದೂರದಲ್ಲಿ, ಗಾಳಿಯ ಕೆಳಮಗ್ಗುಲಲ್ಲಿ ಹೂಡಿದೆವು. ಮಕ್ಕಳು ಚಳಿಯೆಂದು ಒಳಗೇ ಬೆಂಕಿ ಕಾಯಿಸಲು ಕೇಳಿದಾಗ ಮಿನಾದ ಕಥೆಯನ್ನು ಹೇಳಿದೆವು. 1997ರ ಏಪ್ರಿಲ್ 15ರಂದು ಹಜ್ಜಿನ ಸಂದರ್ಭದಲ್ಲಿ ಮಿನಾ ಬಯಲಿನ ಡೇರೆಗಳಿಗೆ ಬೆಂಕಿ ತಗುಲಿ, ಗಾಳಿಗೆ ಒಂದರಿಂದ ಒಂದಕ್ಕೆ ಹಬ್ಬಿ, ಮುನ್ನೂರಕ್ಕೂ ಹೆಚ್ಚು ಹಾಜಿಗಳು ಪ್ರಾಣ ಕಳೆದುಕೊಂಡರು. ಅದರ ನಂತರವೇ ಅಲ್ಲಿ ಬೆಂಕಿ ತಡೆಯುವ ಬಟ್ಟೆಯ ಡೇರೆಗಳು ಬಂದವು. ನಮ್ಮ ತಾಡಪತ್ರಿಗೆ ಅಂತಹ ಗುಣವಿಲ್ಲ; ಒಂದು ಕಿಡಿ ಸಾಕು.

ಎಲ್ಲವೂ ಮುಗಿದಾಗ ಕಿರಿಯವನು ಕೇಳಿದ, ಇನ್ನು ಬೀಳುವುದಿಲ್ಲವೇ ಎಂದು. ಒಂಟೆಯನ್ನು ಕಟ್ಟಿ ಭರವಸೆಯಿಡಲೇ, ಕಟ್ಟದೆಯೇ ಭರವಸೆಯಿಡಲೇ ಎಂದು ಕೇಳಿದವರಿಗೆ ಪ್ರವಾದಿ(ಸ)ರು ಮೊದಲು ಕಟ್ಟುವಂತೆಯೂ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡುವಂತೆಯೂ ತಿಳಿಸಿದ ಪ್ರಸಂಗವನ್ನು ನೆನಪಿಸಿದೆವು. ಕಟ್ಟಿಯಾಗಿದೆ, ಉಳಿದದ್ದು ಅವನಿಗೆ ಸೇರಿದ್ದು.

ಇಶಾ ನಮಾಝ್ ಮುಗಿಸಿ ಮಲಗಿದಾಗ ದೂರದಲ್ಲಿ ವಾಡಿಯ ಸಿಮೆಂಟ್ ಕಾರ್ಖಾನೆಯ ಬೆಳಕು ಆಕಾಶದ ಅಂಚನ್ನು ಕೆಂಪಾಗಿಸಿತ್ತು. ಸಿಕಂದರಾಬಾದಿನ ಕಡೆಗೆ ಹೋಗುವ ರೈಲಿನ ಸದ್ದು ಒಮ್ಮೆ ಕೇಳಿ ಮರೆಯಾಯಿತು. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ಎಣಿಸುವಾಗ, ಮನೆಗಳನ್ನು ನೆಮ್ಮದಿಯ ತಾಣವಾಗಿ ಮಾಡಿದುದರ ಜೊತೆಗೇ, ಪ್ರಯಾಣದಲ್ಲಿಯೂ ತಂಗುವಾಗಲೂ ಹಗುರವೆನಿಸುವ ಚರ್ಮದ ಡೇರೆಗಳನ್ನೂ ಹೆಸರಿಸುತ್ತಾನೆ. ಗೋಡೆ ಇರುವ ಮನೆಯೂ ಗೋಡೆ ಇಲ್ಲದ ಡೇರೆಯೂ ಒಂದೇ ವಚನದಲ್ಲಿ ಅಕ್ಕಪಕ್ಕ ನಿಂತಿವೆ. ಇದನ್ನು ಮಕ್ಕಳಿಗೆ ವಿವರಿಸುತ್ತಿರುವಾಗ ಹಿರಿಯ ಮಗಳು ಟಾರ್ಚಿನ ಬೆಳಕನ್ನು ಮೇಲಿನ ತೇಪೆಗಳ ಮೇಲೆ ಆಡಿಸುತ್ತ ಕೇಳಿದಳು: ಈ ತಾಡಪತ್ರಿ ಇಷ್ಟು ಹರಿದದ್ದು ಹೇಗೆ? ನಮ್ಮ ಮನೆಯ ಹಿತ್ತಲ ಗೋಡೆಯ ಕಬ್ಬಿಣದ ಗೂಟದಲ್ಲಿ ಇದೇ ನೀಲಿ ಹಗ್ಗದ ತುಂಡು ಏಕಿದೆ? ಅದನ್ನು ಏಕೆ ಯಾರೂ ಕೀಳುವುದಿಲ್ಲ?

ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಆ ಗೂಟದ ಕಥೆಯನ್ನು ಹೇಳಬೇಕೆಂದರೆ ನಮ್ಮ ತಪ್ಪನ್ನು ಹೇಳಬೇಕಾಗುತ್ತದೆ.

ನಮ್ಮ ಪಕ್ಕದ ಮನೆಯವರು ಕಲ್ಲು ಪಾಲಿಶ್ ಮಾಡುವ ಕೆಲಸಗಾರರು. ಅವರು ಬೇರೆ ಧರ್ಮದವರು, ನಮಗಿಂತ ಹಿರಿಯರು. ಮಕ್ಕಳು ಅವರನ್ನು ಕಾಕಾ ಎನ್ನುತ್ತಾರೆ. 2018ರ ಬೇಸಿಗೆಯಲ್ಲಿ ನಾವು ಹಿತ್ತಲ ಗೋಡೆಯನ್ನು ಎತ್ತರಿಸಿ ಹೊಸ ಗಿಲಾವು ಮಾಡಿಸಿದ್ದೆವು. ಮಳೆಗಾಲದ ಮುನ್ನ ಕಾಕಾ ಒಂದು ದಿನ ಬಂದು ಬಾಗಿಲಲ್ಲಿಯೇ ನಿಂತು ಹೇಳಿದರು: "ಸಾಹೇಬರ, ನಿಮ್ಮ ಗ್ವಾಡಿ ಮ್ಯಾಲ ಒಂದ್ ತೊಲಿ ಇಟ್ಕೋತೀನ್ರಿ. ಎರಡ್ ತಗಡು ಹಾಕ್ತೀನಿ. ಆಡು ಮಳ್ಯಾಗ ನೆನೀತಾವ."

ನಾವು ಒಪ್ಪಲಿಲ್ಲ. ಗಿಲಾವು ಹಾಳಾಗುತ್ತದೆ ಎಂದೆವು. ಮನಸ್ಸಿನಲ್ಲಿದ್ದುದು ಬೇರೆ: ಇಂದು ತೊಲೆ ಇಟ್ಟವರು ನಾಳೆ ಗೋಡೆಯೂ ತಮ್ಮದೆಂದರೆ? ಕಾಕಾ ಮರುಮಾತಾಡದೆ ಹೊರಟುಹೋದರು. ಅಂದು ರಾತ್ರಿ ಅಬ್ಬಾ ನಮ್ಮನ್ನು ಕೂರಿಸಿಕೊಂಡು, ನೆರೆಯವನು ತನ್ನ ಗೋಡೆಯಲ್ಲಿ ಮರದ ತೊಲೆಯನ್ನು ಊರಿಕೊಳ್ಳುವುದನ್ನು ಯಾರೂ ತಡೆಯಬಾರದೆಂದು ಪ್ರವಾದಿ(ಸ)ರು ಕಲಿಸಿದ ಹದೀಸನ್ನು ನೆನಪಿಸಿದರು. ಇದನ್ನು ವರದಿ ಮಾಡಿದ ಅಬೂ ಹುರೈರಾ(ರ) ತಮ್ಮ ಮುಂದಿದ್ದ ಜನರು ಇದಕ್ಕೆ ಮುಖ ತಿರುಗಿಸುತ್ತಿರುವುದನ್ನು ಕಂಡು ನೊಂದು, ನೀವು ಒಪ್ಪದಿದ್ದರೂ ಇದನ್ನು ನಿಮ್ಮ ಮುಂದಿಡದೆ ಬಿಡೆನೆಂದರಂತೆ. ನಾವು ಅಬ್ಬಾನಿಗೆ ಕಾಲ ಬದಲಾಗಿದೆ ಎಂದು ಉತ್ತರಿಸಿದೆವು. ಆ ಹದೀಸಿನಲ್ಲಿ ಮುಖ ತಿರುಗಿಸಿದ ಜನರ ಸಾಲಿನಲ್ಲಿ ನಾವೂ ನಿಂತಿದ್ದೇವೆಂಬುದು ಆಗ ನಮಗೆ ಹೊಳೆಯಲಿಲ್ಲ. ಅದಾದ ಮೇಲೆ ಎರಡೂ ಮನೆಗಳ ನಡುವೆ ಮಾತು ತೆಳುವಾಯಿತು. ಹಬ್ಬದ ಸಿಹಿ ಆಚೀಚೆ ಹೋಗುತ್ತಿತ್ತು, ಆದರೆ ಮಕ್ಕಳ ಕೈಯಲ್ಲಿ.

2020ರ ಅಕ್ಟೋಬರಿನ ಮಳೆಯನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ತಿಂಗಳ ನಡುವಿನ ಆ ದಿನಗಳಲ್ಲಿ ಆಕಾಶ ಹರಿದಂತೆ ಸುರಿಯಿತು. ಭೀಮಾ ನದಿಗೆ ಮಹಾರಾಷ್ಟ್ರದ ಜಲಾಶಯಗಳಿಂದಲೂ ನೀರು ಬಂದು ದಂಡೆಯ ಊರುಗಳು ಜಲಾವೃತವಾದವು. ಕಾಗಿಣಾ ದಡ ಮೀರಿ ಹರಿದು ದಂಡೋತಿಯ ಸೇತುವೆ ಮುಳುಗಿತು. ಮಳಖೇಡದೊಳಗೂ ನೀರು ನುಗ್ಗಿತು. ಕೊರೊನಾದ ಕಾಲ ಬೇರೆ; ಒಬ್ಬರ ಮನೆಯೊಳಗೆ ಇನ್ನೊಬ್ಬರು ಕಾಲಿಡಲು ಅಂಜುತ್ತಿದ್ದ ದಿನಗಳು. ನಮ್ಮ ಓಣಿಗೆ ನದಿ ಬರಲಿಲ್ಲ, ಆದರೆ ಮಣ್ಣಿನ ಮಾಳಿಗೆಗಳು ನೀರು ಕುಡಿದು ಭಾರವಾದವು. ಫಜ್ರ್ ಅಝಾನಿಗೆ ಇನ್ನೂ ಸಮಯವಿತ್ತು. ಪಕ್ಕದಲ್ಲಿ ಏನೋ ಕುಸಿದ ಸದ್ದು, ಅದರ ಹಿಂದೆಯೇ ಹೆಂಗಸರ ಕೂಗು ಕೇಳಿಸಿತು.

ಕಾಕಾನ ಮನೆಯ ಹಿಂಗೋಡೆ ಬಿದ್ದು ಮಾಳಿಗೆಯ ಒಂದು ಭಾಗ ಇಳಿದಿತ್ತು. ಅಲ್ಲಾಹನ ದಯೆಯಿಂದ ಯಾರಿಗೂ ಪೆಟ್ಟಾಗಿರಲಿಲ್ಲ. ಹಾಸಿಗೆ ಹಿಡಿದಿದ್ದ ತಮ್ಮ ತಾಯಿಯನ್ನು ಅವರು ಮಂಚದ ಸಮೇತ ಅಂಗಳಕ್ಕೆ ತಂದಿದ್ದರು. ಸೊಸೆಯಂದಿರು ಒಂದು ಹಳೆಯ ಹಾಳೆಯನ್ನು ಕೈಯಲ್ಲಿಯೇ ಎತ್ತಿ ಹಿಡಿದು ಮುದುಕಿಗೆ ಮರೆಮಾಡಿದ್ದರು. ಕಾಕಾ ಹಗ್ಗದ ಒಂದು ತುದಿಯನ್ನು ಬೇವಿನ ಗಿಡಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಹಿಡಿದು ಸುತ್ತಲೂ ನೋಡುತ್ತಿದ್ದರು. ಕಟ್ಟಲು ಬೇರೇನೂ ಇರಲಿಲ್ಲ. ಅವರ ದೃಷ್ಟಿ ನಮ್ಮ ಗೋಡೆಯ ಮೇಲೆ ಬಿದ್ದಿತು. ಗೋಡೆಯ ಮೇಲಿನಿಂದ ನಾವು ನೋಡುತ್ತಿರುವುದು ಕಂಡೊಡನೆ ಅವರು ಕಣ್ಣನ್ನು ಬೇರೆಡೆಗೆ ಹೊರಳಿಸಿದರು. ಕೇಳಲಿಲ್ಲ. ಒಮ್ಮೆ ಕೇಳಿ ಬರಿಗೈಯಲ್ಲಿ ಮರಳಿದವರು ಅಂತಹ ರಾತ್ರಿಯಲ್ಲಿಯೂ ಮತ್ತೆ ಕೇಳಲಾರದೆ ಹೋದರು. ಅವರ ಬಾಯನ್ನು ಕಟ್ಟಿದವರು ನಾವು.

ನಾವು ಇನ್ನೂ ನಿಂತೇ ಇದ್ದೆವು. ಅಷ್ಟರಲ್ಲಿ ಅಬ್ಬಾ ಖಣಿಯ ದಿನಗಳ ಸುತ್ತಿಗೆಯನ್ನೂ ಮೊಳದುದ್ದದ ಕಬ್ಬಿಣದ ಗೂಟವನ್ನೂ ಹಿಡಿದು ಮಳೆಯಲ್ಲಿಯೇ ಹಿತ್ತಲಿಗೆ ಬಂದರು. ಏಣಿ ಹತ್ತಿ, ನಾವು ಅಷ್ಟು ಜೋಪಾನ ಮಾಡಿದ್ದ ಗಿಲಾವನ್ನು ಸೀಳಿ, ಎರಡು ಕಲ್ಲುಗಳ ಸಂದಿಯಲ್ಲಿ ಗೂಟವನ್ನು ಹೊಡೆದರು. ಆಮೇಲೆ ಗೋಡೆಯಾಚೆಗೆ ಬಾಗಿ ಕೂಗಿದರು: "ತಮ್ಮಾ, ಹಗ್ಗ ಈ ಕಡಿ ಒಗಿ!"

ಕಾಕಾ ಒಂದು ಕ್ಷಣ ನಿಂತರು. ಆಮೇಲೆ ಹಗ್ಗವನ್ನು ಎಸೆದರು.

ನಮ್ಮ ತಾಡಪತ್ರಿಯನ್ನು ಆ ಹಗ್ಗದ ಮೇಲೆ ಹೊದಿಸಿದೆವು. ಮೂಲೆಗಳಲ್ಲಿ ಕಲ್ಲಿಟ್ಟು ಬಿಗಿದೆವು, ನೀರಿಗೆ ಕಾಲುವೆ ತೋಡಿದೆವು, ಮಂಚದ ಕಾಲುಗಳ ಕೆಳಗೆ ಫರ್ಸಿ ಇಟ್ಟು ಎತ್ತರಿಸಿದೆವು. ಹೆಂಗಸರಿಗೆ ಮರೆಯಾಗಲೆಂದು ಎರಡು ಕಡೆ ಚಾದರಗಳನ್ನು ಇಳಿಬಿಟ್ಟೆವು. ನಮ್ಮ ಮನೆಯೊಳಗೆ ಬನ್ನಿರೆಂದು ಕರೆದೆವು. ಸೊಸೆಯಂದಿರೂ ಮಕ್ಕಳೂ ಬಂದರು. ಕಾಕಾ ಮಾತ್ರ ಬರಲಿಲ್ಲ. ಮಂಚ ಬಿಟ್ಟು ಏಳಲೊಲ್ಲದ ತಾಯಿ, ಕಟ್ಟಿದ ಆಡುಗಳು, ಕುಸಿದ ಮಣ್ಣಿನಡಿಯ ಕಾಳಿನ ಚೀಲಗಳು ಅವರನ್ನು ಅಲ್ಲಿಯೇ ಹಿಡಿದಿದ್ದವು. ಹನ್ನೊಂದು ದಿನ ಆ ಕುಟುಂಬದ ಹಗಲು ಆ ನೀಲಿ ನೆರಳಿನಡಿ ಕಳೆಯಿತು. ತಾಡಪತ್ರಿ ನಾಲ್ಕು ಕಡೆ ಹರಿದದ್ದು ಆಗಲೇ.

ಆ ಹನ್ನೊಂದು ದಿನಗಳಲ್ಲಿ ನಾವು ಪ್ರವಾದಿ(ಸ)ರ ಮಸೀದಿಯ ಕುರಿತು ಓದಿದ್ದನ್ನೆಲ್ಲ ಹೊಸದಾಗಿ ಓದಿದೆವು. ಖರ್ಜೂರದ ಕಾಂಡಗಳೇ ಕಂಬ, ಗರಿಗಳೇ ಮಾಡು. ರಮಝಾನಿನ ಒಂದು ರಾತ್ರಿ ಮಳೆ ಸುರಿದು ಆ ಮಾಡು ಸೋರಿತು. ಬೆಳಗಿನ ನಮಾಝಿನ ನಂತರ ಪ್ರವಾದಿ(ಸ)ರ ಹಣೆಯ ಮೇಲೆ ಕೆಸರಿನ ಗುರುತಿದ್ದುದನ್ನು ಅಬೂ ಸಈದ್ ಅಲ್ ಖುದ್ರಿ(ರ) ಕಂಡರು. ಅಷ್ಟು ಸರಳವಾದ ಆ ಮಸೀದಿಯಲ್ಲಿ ಇತರರ ಡೇರೆಗಳಿಗೆ ಜಾಗವಿತ್ತು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರಿಗಾಗಿ, ಹತ್ತಿರದಿಂದಲೇ ಆರೈಕೆ ವಿಚಾರಿಸಲೆಂದು, ಅಲ್ಲಿಯೇ ಡೇರೆ ಹಾಕಿಸಲಾಯಿತು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿ, ಹೋಗಲು ಮನೆಯಿಲ್ಲದೆ ಮದೀನಕ್ಕೆ ಬಂದ ಓರ್ವ ಕಪ್ಪು ಮಹಿಳೆಯ ಪುಟ್ಟ ಡೇರೆಯೂ ಆ ಮಸೀದಿಯೊಳಗೇ ಇತ್ತು. ಆಕೆ ಆಯಿಶಾ(ರ)ರ ಬಳಿ ಬಂದು ಕುಳಿತು ಮಾತಾಡುತ್ತಿದ್ದರು. ಇದರಿಂದ ಮಸೀದಿಯ ಅಂದ ಕೆಡುತ್ತದೆಂದು ಅಲ್ಲಿ ಯಾರೂ ಹೇಳಿದಂತಿಲ್ಲ. ನಾವು ಒಂದು ಗಿಲಾವಿನ ಅಂದಕ್ಕಾಗಿ ನೆರೆಯವನ ಆಡುಗಳನ್ನು ಮೂರು ಮಳೆಗಾಲ ನೆನೆಯಬಿಟ್ಟಿದ್ದೆವು.

ತಾಡಪತ್ರಿಯ ಗುಟ್ಟು ಇದೇ. ಅದು ತನ್ನಷ್ಟಕ್ಕೆ ತಾನೇ ನಿಲ್ಲಲಾರದು. ಒಂದು ಮರ, ಒಂದು ಬಂಡಿ, ಒಂದು ಗೋಡೆ, ಏನಾದರೊಂದು ತನ್ನ ಬಲವನ್ನು ಅದಕ್ಕೆ ಸಾಲ ಕೊಡಬೇಕು. ಸಾಲ ಕೊಟ್ಟ ಗೋಡೆಯಿಂದ ಒಂದು ಕಲ್ಲೂ ಕಡಿಮೆಯಾಗುವುದಿಲ್ಲ. ಮನುಷ್ಯರ ಬದುಕೂ ಇದಕ್ಕಿಂತ ಭಿನ್ನವಲ್ಲ. ಲೋಕದಲ್ಲಿ ತಮ್ಮ ಸ್ಥಿತಿಯು ಮರದ ನೆರಳಿನಲ್ಲಿ ಸ್ವಲ್ಪ ಹೊತ್ತು ತಂಗಿ ಮುಂದೆ ಸಾಗುವ ಸವಾರನಂತಹುದು ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಹಾಗೆ ತಂಗಿರುವಷ್ಟು ಹೊತ್ತು ಒಬ್ಬರ ಹಗ್ಗಕ್ಕೆ ಇನ್ನೊಬ್ಬರು ಗೂಟವಾಗದಿದ್ದರೆ ನಮ್ಮ ಗಟ್ಟಿ ಗೋಡೆಗಳು ಯಾತಕ್ಕೆ?

ಕಾಕಾ ಮನೆ ಕಟ್ಟಿಕೊಂಡ ಮೇಲೆ ಗೂಟ ಕೀಳಲು ಬಂದಿದ್ದರು. ಅದು ಅಲ್ಲಿಯೇ ಇರಲೆಂದು ಅಬ್ಬಾ ತಡೆದರು. ಈಗ ಅವರ ತಗಡಿನ ತೊಲೆಯೂ ನಮ್ಮ ಗೋಡೆಯ ಮೇಲಿದೆ. ಇಷ್ಟೆಲ್ಲ ಆದರೂ 2018ರ ಆ ದಿನದ ಬಗ್ಗೆ ಅವರಾಗಲಿ ನಾವಾಗಲಿ ಒಮ್ಮೆಯೂ ಮಾತಾಡಿರಲಿಲ್ಲ. ಗೂಟ ಹೊಡೆದದ್ದು ಅಬ್ಬಾ, ನಿರಾಕರಿಸಿದ್ದು ನಾವು. ತಂದೆಯ ಒಳಿತನ್ನು ನಮ್ಮ ಲೆಕ್ಕಕ್ಕೆ ಬರೆದುಕೊಂಡು ನೆಮ್ಮದಿಯಾಗಿದ್ದೆವು.

ಹೊಲದಲ್ಲಿ ಕಥೆ ಮುಗಿದಾಗ ಮಗಳು ಕೇಳಿದ್ದು ಒಂದೇ: "ಕಾಕಾನಿಗೆ ಮಾಫ್ ಕೇಳಿದಿರಾ?"

ಆ ರಾತ್ರಿ ಗಾಳಿ ಜೋರಾಗಿತ್ತು. ತಾಡಪತ್ರಿ ಪಟಪಟನೆ ಬಡಿಯುತ್ತಿತ್ತು, ಆದರೆ ಬೀಳಲಿಲ್ಲ. ನಿದ್ದೆ ಬಾರದವರು ನಾವಿಬ್ಬರೇ. ಅಲ್ಲಾಹನ ಹಕ್ಕುಗಳಲ್ಲಿ ತಪ್ಪಿದರೆ ಅವನಲ್ಲಿ ಪಶ್ಚಾತ್ತಾಪ ಪಡಬಹುದು. ಮನುಷ್ಯನ ಹಕ್ಕಿನಲ್ಲಿ ತಪ್ಪಿದವರು ಆ ಮನುಷ್ಯನ ಬಾಗಿಲಿಗೇ ಹೋಗಬೇಕು. ದೀನಾರವೂ ದಿರ್‌ಹಮೂ ನಡೆಯದ ದಿನ ಬರುವ ಮುನ್ನ ಇಂದೇ ಇತ್ಯರ್ಥ ಮಾಡಿಕೊಳ್ಳಬೇಕೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಇದನ್ನು ನಾವು ಎಷ್ಟೋ ಸಲ ಕೇಳಿದ್ದೆವು, ಇತರರಿಗೆ ಹೇಳಿಯೂ ಇದ್ದೆವು.

ಮರುದಿನ ಸಂಜೆ ಕಾಕಾನ ಮನೆಗೆ ಹೋದೆವು. ಹೊಸ ಗೋಡೆಗೆ ಒರಗಿ ಕುಳಿತಿದ್ದರು. ಆ ವರ್ಷ ತೊಲೆ ಇಡಲು ಬಿಡದಿದ್ದುದು ನಮ್ಮ ತಪ್ಪು, ಮನ್ನಿಸಬೇಕೆಂದು ನೇರವಾಗಿಯೇ ಹೇಳಿದೆವು. ಅವರು ಬಹಳ ಹೊತ್ತು ನೆಲ ನೋಡುತ್ತಿದ್ದರು. ಮರೆತಿದ್ದೇನೆ ಎಂದು ಸುಳ್ಳು ಹೇಳಲಿಲ್ಲ. "ಅದೆಲ್ಲಾ ಈಗ್ಯಾಕ್ರಿ," ಎಂದರು. ಆಮೇಲೆ ಒಳಗೆ ಕೂಗಿ ಹೇಳಿ, ನಮಗೆ ಚಾಪೆ ಹಾಸಿದರು. "ಕೂಡ್ರಿ. ಚಹಾ ಕುಡೀರಿ. ದೊಡ್ಡವ್ರು ಇದ್ದಿದ್ರ ಅವ್ರೂ ಬರ್ತಿದ್ರು."

ಪ್ರಿಯ ಓದುಗರೇ, ಮಳೆಗಾಲ ಮತ್ತೆ ಬರುತ್ತದೆ. ನಿಮ್ಮ ಅಟ್ಟದಲ್ಲಿ ತಾಡಪತ್ರಿಯಿದ್ದರೆ ಒಮ್ಮೆ ಬಿಚ್ಚಿ ನೋಡಿರಿ. ತೂತುಗಳಿಗೆ ತೇಪೆ ಹಾಕಿರಿ. ಹಗ್ಗ ಗಟ್ಟಿಯಿದೆಯೇ ಎಂದು ಜಗ್ಗಿರಿ. ಕಟ್ಟುವುದನ್ನು ಮಕ್ಕಳಿಗೆ ಕಲಿಸಿರಿ. ಜೊತೆಗೆ ನಿಮ್ಮ ಗೋಡೆಯನ್ನೂ ಒಮ್ಮೆ ನೋಡಿರಿ. ಅದರತ್ತ ನೋಡಿ ಕಣ್ಣು ಹೊರಳಿಸಿಕೊಂಡ ನೆರೆಯವರು ಯಾರಾದರೂ ಇದ್ದಾರೆಯೇ ಎಂದು ಕೇಳಿಕೊಳ್ಳಿರಿ.

ಅಲ್ಲಾಹನು ನಮ್ಮ ಅಬ್ಬಾನ ಗೋರಿಯನ್ನು ವಿಶಾಲಗೊಳಿಸಲಿ, ಮಳೆಯಲ್ಲಿ ಮನೆ ಕಳೆದುಕೊಂಡವರೆಲ್ಲರಿಗೂ ಆಸರೆ ನೀಡಲಿ, ಕೇಳಿದವರಿಗೆ ಇಲ್ಲವೆನ್ನದ ಮನಸ್ಸನ್ನೂ ತಪ್ಪಿದಾಗ ಮರಳಿ ಹೋಗುವ ಧೈರ್ಯವನ್ನೂ ನಮಗೆ ಕರುಣಿಸಲಿ. ಆಮೀನ್.